ಗುಂಡಿ ಬಿದ್ದ ರಸ್ತೆಗೆ ಕಾಯ್ಲೋವರ್ ಹಾಕೋದಾದ್ರೆ ಯಾವುದು? ಆರಾಮವೇ ಮುಖ್ಯ, ಗಾಡಿ ಪೋಲೊ 1.2 ಟಿಎಸ್‌ಐ

#1 ಹೇಮಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಗಾಡಿ 2015ರ ಪೋಲೊ 1.2 ಟಿಎಸ್‌ಐ, 88,000 ಕಿ.ಮೀ. ಆಗಿದೆ, ಟೈರ್ 185/60 ಆರ್15. ಓಡಾಟ ಬೆಂಗಳೂರು–ಸಕಲೇಶಪುರ–ಮಂಗಳೂರು. ಜೊತೆಗೆ ಹೆದ್ದಾರಿ ಬಿಟ್ಟು ಒಳಗೆ 9 ಕಿ.ಮೀ. ತೋಟದ ರಸ್ತೆ, ಡಾಂಬರು ಕಿತ್ತು ಜಲ್ಲಿ ಮಾತ್ರ ಉಳಿದಿದೆ. ಹಿಂದಿನ ಎಡ ಶಾಕ್ ಎಣ್ಣೆ ಸೋರ್ತಿದೆ, ಮುಂದೆ ಗುಂಡಿಗೆ ಇಳಿದರೆ ಧಡ್ ಅಂತ ಸದ್ದು. ಹೇಗೂ ನಾಲ್ಕೂ ಬದಲಾಯಿಸಬೇಕು, ಹಾಗಾಗಿ ಕಾಯ್ಲೋವರ್ (ಎತ್ತರ ಬದಲಾಯಿಸಬಹುದಾದ ಸ್ಪ್ರಿಂಗ್–ಶಾಕ್ ಜೋಡಿ), ಅದೂ 30 ಕ್ಲಿಕ್ ಇರುವ, ಅಂದ್ರೆ ಶಾಕ್ ಬಿಗಿತವನ್ನು ನಾಬ್ ತಿರುವಿ 30 ಹಂತದಲ್ಲಿ ಹೊಂದಿಸೋದನ್ನು ಹಾಕಿ ಎಲ್ಲಾ ಮೆತ್ತಗಿನ ಕಡೆಗೆ ಇಟ್ಟುಬಿಟ್ಟರೆ ಆರಾಮ ಸಿಗುತ್ತಾ? ಗಾಡಿ ಇಳಿಸುವ ಆಸೆ ಇಲ್ಲ, 15 ಮಿ.ಮೀ. ಇಳಿದರೂ ಬೇಜಾರಿಲ್ಲ. ಹೆಚ್ಚಿನ ಸಲ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು.

#2 ಟ್ರ್ಯಾಕ್‌ಡೇ_ತಿಮ್ಮ
ಹಾಕು ಗುರು, ಯೋಚನೆ ಮಾಡ್ಬೇಡ. ಕಾಯ್ಲೋವರ್ ಅಂದ್ರೆ ಕಲ್ಲಿನ ಹಾಗೆ ಗಟ್ಟಿ ಅನ್ನೋದು ಹಳೇ ಕಾಲದ ಮಾತು.

#3 ಪಾನಾ_ಪೆಟ್ಟಿಗೆ
ತಡೀರಿ. ಮೊದಲು ಆ ಧಡ್ ಸದ್ದು ಎಲ್ಲಿಂದ ಅಂತ ನೋಡಬೇಕು. 88,000 ಕಿ.ಮೀ. ಓಡಿದ ಪೋಲೊದಲ್ಲಿ ಮುಂದಿನ ಸದ್ದಿಗೆ ಶಾಕ್ ಒಂದೇ ಕಾರಣ ಅಲ್ಲ. ಸ್ಟ್ರಟ್ ಮೌಂಟ್ ರಬ್ಬರ್ (ಮುಂದಿನ ಶಾಕ್ ಮೇಲೆ ಬಾಡಿಗೆ ಸೇರೋ ಕಡೆ ಇರೋದು), ಅದರ ಬೇರಿಂಗ್, ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗೆ ಹಿಡಿಯೋ ತೋಳಿನ) ಹಿಂದಿನ ರಬ್ಬರ್ ಬುಷ್, ಲಿಂಕ್ ರಾಡ್ ನಾಲ್ಕನ್ನೂ ನೋಡಿ.

ಲಿಂಕ್ ರಾಡ್ ಹೋಗಿದ್ರೆ ಸಣ್ಣ ಕಲ್ಲಿನ ಮೇಲೂ ಟಕ್ ಟಕ್ ಅನ್ನುತ್ತೆ. ಮೌಂಟ್ ಹೋಗಿದ್ರೆ ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಬಾನೆಟ್ ಕೆಳಗೆ ಸ್ಪ್ರಿಂಗ್ ಎಳೆದು ಬಿಟ್ಟ ಹಾಗೆ ಟಂಯ್ ಅನ್ನುತ್ತೆ. ಆರ್ಮ್ ಬುಷ್ ಸೀಳಿದ್ರೆ ಬ್ರೇಕ್ ಹಿಡಿದಾಗ ಒಂದು ಹೊಡೆತ, ಬಿಟ್ಟಾಗ ಇನ್ನೊಂದು. ಇವನ್ನು ಹಾಗೇ ಬಿಟ್ಟು ಎಷ್ಟು ದುಬಾರಿ ಕಾಯ್ಲೋವರ್ ಹಾಕಿದ್ರೂ ಸದ್ದು ಹೋಗಲ್ಲ. ಹಳೇ ರಬ್ಬರಿಗೆ ಗಟ್ಟಿ ಸ್ಪ್ರಿಂಗ್ ಸೇರಿದ್ರೆ ಸದ್ದು ಇನ್ನೂ ಜಾಸ್ತಿ ಆಗುತ್ತೆ.

#4 ಗ್ಯಾರೇಜ್_ಗಣಿತ
30 ಕ್ಲಿಕ್ ಅನ್ನೋದು ಆರಾಮದ ಅಳತೆ ಅಲ್ಲ. ಸ್ಪ್ರಿಂಗ್ ರೇಟ್ (1 ಮಿ.ಮೀ. ಕುಗ್ಗೋಕೆ ಬೇಕಾದ ಕೆ.ಜಿ. ಭಾರ) ಎಷ್ಟು, ಚಕ್ರ ಮೇಲೆ ಹೋಗೋಕೆ ಎಷ್ಟು ಜಾಗ ಉಳಿದಿದೆ ಅನ್ನೋದೇ ಅಳತೆ. ಲೆಕ್ಕ ಸುಲಭ, ಒಂದು ಸಲ ಮಾಡಿ ನೋಡಿ.

ಒಂದು ಮುಂದಿನ ಚಕ್ರದ ಸ್ಪ್ರಿಂಗ್ ಮೇಲೆ ಕೂತಿರೋ ಭಾರ ಉದಾಹರಣೆಗೆ 300 ಕೆ.ಜಿ. ಅಂತ ಇಟ್ಕೊಳ್ಳಿ. ಭಾರವನ್ನು ಸ್ಪ್ರಿಂಗ್ ರೇಟಿನಿಂದ ಭಾಗಿಸಿದ್ರೆ ಸ್ಪ್ರಿಂಗ್ ಎಷ್ಟು ಮಿ.ಮೀ. ಕುಗ್ಗಿ ನಿಲ್ಲುತ್ತೆ ಅಂತ ಸಿಗುತ್ತೆ. ಅದರ ವರ್ಗಮೂಲದಿಂದ 15.8 ಅನ್ನು ಭಾಗಿಸಿದ್ರೆ ಗಾಡಿ ಸೆಕೆಂಡಿಗೆ ಎಷ್ಟು ಸಲ ತೂಗುತ್ತೆ ಅನ್ನೋ ಸಂಖ್ಯೆ, ಅಂದ್ರೆ ಹರ್ಟ್ಜ್.

2.2 ಕೆ.ಜಿ./ಮಿ.ಮೀ. ಸ್ಪ್ರಿಂಗ್: 136 ಮಿ.ಮೀ. ಕುಗ್ಗುತ್ತೆ, 1.35 ಹರ್ಟ್ಜ್.
3 ಕೆ.ಜಿ.: 100 ಮಿ.ಮೀ., 1.58 ಹರ್ಟ್ಜ್.
4 ಕೆ.ಜಿ.: 75 ಮಿ.ಮೀ., 1.82 ಹರ್ಟ್ಜ್.
5 ಕೆ.ಜಿ.: 60 ಮಿ.ಮೀ., 2.04 ಹರ್ಟ್ಜ್.

ಸಾಮಾನ್ಯ ಕಾರುಗಳು 1ರಿಂದ 1.5ರ ಒಳಗೆ ಇರ್ತವೆ. ನಾವು ನಡೆಯುವಾಗ ಮೈ ಮೇಲೆ ಕೆಳಗೆ ಆಗೋ ಲಯ ಇದಕ್ಕಿಂತ ತುಸು ಹೆಚ್ಚು ಅಷ್ಟೇ, ಅದಕ್ಕೇ ಮೈಗೆ ಒಗ್ಗುತ್ತೆ. 2 ದಾಟಿದ್ರೆ ತೋಟದ ರಸ್ತೆಯಲ್ಲಿ ಹೊಟ್ಟೆ ಕುಲುಕುತ್ತೆ. ಲಂಬವಾಗಿ ಬರೋ ಅದುರಾಟದಲ್ಲಿ ಮನುಷ್ಯನ ದೇಹಕ್ಕೆ ಅತಿ ಹೆಚ್ಚು ತಾಗೋದು 4ರಿಂದ 8 ಹರ್ಟ್ಜ್. ಸ್ಪ್ರಿಂಗ್ ಗಟ್ಟಿಯಾದಷ್ಟೂ ಆ ಪಟ್ಟಿಯ ಅದುರಾಟ ಸೀಟಿಗೆ ಜಾಸ್ತಿ ದಾಟುತ್ತೆ.

ಆದ್ರಿಂದ ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ: "ಮುಂದೆ ಎಷ್ಟು ಕೆ.ಜಿ., ಹಿಂದೆ ಎಷ್ಟು ಕೆ.ಜಿ. ಸ್ಪ್ರಿಂಗ್?" ಉತ್ತರ ಗೊತ್ತಿಲ್ಲ ಅಂದ್ರೆ ಆ ಸೆಟ್ ಬೇಡ.

#5 ಕಡಲಕರೆ
ಗಣಿತದವರೇ, ಪೌಂಡಿನಲ್ಲಿ ಬರೆದದ್ದು ಉಂಟಲ್ಲ ಕೆಲವು ಸ್ಪ್ರಿಂಗ್ ಮೇಲೆ, ಅದು ಹೇಗೆ?

#6 ಗ್ಯಾರೇಜ್_ಗಣಿತ
ಇಂಚಿಗೆ ಇಷ್ಟು ಪೌಂಡ್ ಅಂತ ಇದ್ರೆ 56ರಿಂದ ಭಾಗಿಸಿ, ಕೆ.ಜಿ./ಮಿ.ಮೀ. ಬರುತ್ತೆ. 224 ಅಂದ್ರೆ 4 ಕೆ.ಜಿ. ನ್ಯೂಟನ್‌ನಲ್ಲಿದ್ರೆ 9.81ರಿಂದ. ಮೇಲಿನ ಲೆಕ್ಕ ಚಕ್ರದ ಹತ್ತಿರದ ರೇಟಿಗೆ ಅನ್ವಯ ಅನ್ನೋದು ನೆನಪಿರಲಿ. ಪೋಲೊ, ಸ್ವಿಫ್ಟ್ ಥರ ಮ್ಯಾಕ್‌ಫರ್ಸನ್ ಸ್ಟ್ರಟ್ ಇದ್ರೆ ಸ್ಪ್ರಿಂಗ್ ರೇಟ್, ಚಕ್ರದ ರೇಟ್ ಹೆಚ್ಚುಕಮ್ಮಿ ಒಂದೇ. ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿಯೋ ಡಬಲ್ ವಿಶ್‌ಬೋನ್‌ನಲ್ಲಿ ಸ್ಪ್ರಿಂಗ್ ಒಳಗಡೆ ಕೂತಿರುತ್ತೆ. ಚಕ್ರ 10 ಮಿ.ಮೀ. ಮೇಲೆ ಹೋದಾಗ ಸ್ಪ್ರಿಂಗ್ 7 ಮಿ.ಮೀ. ಕುಗ್ಗಿದ್ರೆ 0.7 ಗುಣಿಸು 0.7, ಅಂದ್ರೆ ರೇಟಿನ ಅರ್ಧ ಮಾತ್ರ ಚಕ್ರಕ್ಕೆ ಸಿಗೋದು. ಒಂದು ಕಾರಿನ ಸ್ಪ್ರಿಂಗ್ ಸಂಖ್ಯೆಯನ್ನು ಇನ್ನೊಂದಕ್ಕೆ ಹೋಲಿಸಿ ಮೋಸ ಹೋಗೋದು ಇಲ್ಲೇ.

#7 ಹುಬ್ಬಳ್ಳಿ_ಹ್ಯಾಚ್
ಇಷ್ಟೆಲ್ಲಾ ಯಾಕ್ರಿ? ಸ್ಪ್ರಿಂಗ್ ಕೂತಿರೋ ತಿರುಪಿನ ಕಾಲರ್ ಕೆಳಗ ತಿರುವಿ ಸ್ಪ್ರಿಂಗ್ ಸಡ್ಲ ಬಿಟ್ರ ಮೆತ್ತಗಾಗ್ತೈತಿ, ಮ್ಯಾಲ ತಿರುವಿದ್ರ ಗಟ್ಟಿ ಆಗ್ತೈತಿ. ಬೇಕಾದಂಗ ಇಟ್ಕೊಂಡ್ರ ಮುಗೀತು.

#8 ಪಾನಾ_ಪೆಟ್ಟಿಗೆ
ಅದು ತಪ್ಪು ರೀ, ಮತ್ತೆ ಬಹಳ ಜನ ಮಾಡೋ ತಪ್ಪು. ಕಾಲರ್ ತಿರುವಿದ್ರೆ ಸ್ಪ್ರಿಂಗ್ ರೇಟ್ ಒಂದಿಷ್ಟೂ ಬದಲಾಗಲ್ಲ.

4 ಕೆ.ಜಿ. ಸ್ಪ್ರಿಂಗ್ ಮೇಲೆ 300 ಕೆ.ಜಿ. ಕೂತ್ರೆ ಅದು 75 ಮಿ.ಮೀ. ಕುಗ್ಗಲೇಬೇಕು. ನೀವು ಮೊದಲೇ 5 ಮಿ.ಮೀ. ಒತ್ತಿ ಇಟ್ರೆ ಉಳಿದ 70 ಮಿ.ಮೀ. ಗಾಡಿ ಕೆಳಗಿಳಿಸಿದ ಮೇಲೆ ಕುಗ್ಗುತ್ತೆ. ಒಟ್ಟು ಅದೇ 75. ಬದಲಾಗೋದು ಗಾಡಿ ಎತ್ತರ, ಮತ್ತೆ ಶಾಕ್‌ನೊಳಗೆ ಪಿಸ್ಟನ್ ನಿಲ್ಲೋ ಜಾಗ. ಎತ್ತರ ಬರೀ ಸ್ಪ್ರಿಂಗ್ ಕಾಲರಿನಿಂದ ಹೊಂದಿಸೋ ಸೆಟ್ಟಿನಲ್ಲಿ ಗಾಡಿ ಇಳಿಸಿದಷ್ಟೂ ಪಿಸ್ಟನ್ ಬಂಪ್ ಸ್ಟಾಪಿಗೆ (ಶಾಕ್ ತಳಕ್ಕೆ ಬಡಿಯದ ಹಾಗೆ ತಡೆಯೋ ರಬ್ಬರ್ ತುಂಡು) ಹತ್ತಿರ ಹೋಗುತ್ತೆ. ಕೆಳಗಿನ ಬ್ರಾಕೆಟ್ ಕೂಡ ತಿರುವಿ ಶಾಕ್‌ನ ಒಟ್ಟು ಉದ್ದ ಬದಲಾಯಿಸಬಹುದಾದ ಸೆಟ್ಟಿನಲ್ಲಿ ಎತ್ತರ ಇಳಿಸಿದ್ರೂ ಶಾಕ್‌ನೊಳಗಿನ ಓಟ, ಅಂದ್ರೆ ಪಿಸ್ಟನ್ ಮೇಲೆ ಕೆಳಗೆ ಹೋಗೋ ದೂರ, ಹಾಗೇ ಉಳಿಯುತ್ತೆ. ಟೈನ್ ಫ್ಲೆಕ್ಸ್ ಝಡ್, ಬಿಸಿ ರೇಸಿಂಗ್ ಬಿಆರ್ ಈ ಜಾತಿ. ಬಿಲ್‌ಸ್ಟೈನ್ ಬಿ14, ಕೆಡಬ್ಲ್ಯೂ ವಿ1 ಮೊದಲಿನ ಜಾತಿ.

#9 ಹುಬ್ಬಳ್ಳಿ_ಹ್ಯಾಚ್
ಹಂಗಾದ್ರ ಕಾಲರ್ ಬಿಗಿ ಮಾಡಿದಾಗ ಗಾಡಿ ಗಟ್ಟಿ ಅನಿಸೋದು ಯಾಕ್ರಿ? ಅನಿಸೋದಂತೂ ಖರೇ.

#10 ಗ್ಯಾರೇಜ್_ಗಣಿತ
ಅನಿಸೋದು ನಿಜ, ಕಾರಣ ಬೇರೆ. ಗಾಡಿ ಎತ್ತರ ಆದಾಗ ಚಕ್ರ ಕೆಳಗೆ ಇಳಿಯೋ ಓಟ ಕಡಿಮೆ ಆಗುತ್ತೆ. ಗುಂಡಿ ಅಂದ್ರೆ ಮೊದಲು ಚಕ್ರ ಕೆಳಗೆ ಇಳಿಯಬೇಕು, ಆಮೇಲೆ ಆಚೆ ಅಂಚಿಗೆ ಬಡಿದು ಮೇಲೆ ಬರಬೇಕು. ಇಳಿಯೋಕೆ ಓಟ ಇಲ್ಲದಿದ್ರೆ ಶಾಕ್ ಪೂರ್ತಿ ಚಾಚಿ ಒಳಗಡೆ ಟಪ್ ಅಂತ ನಿಲ್ಲುತ್ತೆ, ಚಕ್ರದ ಭಾರವೆಲ್ಲ ಬಾಡಿಯನ್ನು ಕೆಳಗೆ ಎಳೆಯುತ್ತೆ. ಆ ಹೊಡೆತವನ್ನೇ ನಾವು ಗಟ್ಟಿ ಸ್ಪ್ರಿಂಗ್ ಅಂದ್ಕೊಳ್ಳೋದು.

ಹಾಗಾಗಿ ಒರಟು ರಸ್ತೆಗೆ ಮೇಲಿನ ಓಟದಷ್ಟೇ ಕೆಳಗಿನ ಓಟವೂ ಬೇಕು. ಇನ್ನೊಂದು ತೊಂದರೆ: ಸ್ಪ್ರಿಂಗ್ 60 ಮಿ.ಮೀ. ಮಾತ್ರ ಕುಗ್ಗಿ ನಿಂತಿದೆ, ಚಕ್ರ 75 ಮಿ.ಮೀ. ಇಳಿಯಬಲ್ಲುದು ಅಂದ್ರೆ ಕೊನೆ 15 ಮಿ.ಮೀ. ಸ್ಪ್ರಿಂಗ್ ತನ್ನ ಜಾಗದಲ್ಲಿ ಸಡಿಲ. ಜಾಕ್ ಎತ್ತಿದಾಗ ಕೈಯಲ್ಲೇ ಅಲ್ಲಾಡಿಸಬಹುದು. ಅಲ್ಲಿಗೆ ಆ ಸಡಿಲ ತುಂಬೋ ಸಣ್ಣ ಮೆತ್ತಗಿನ ಸ್ಪ್ರಿಂಗ್, ಅಂದ್ರೆ ಹೆಲ್ಪರ್ ಸ್ಪ್ರಿಂಗ್ ಬೇಕು, ಇಲ್ಲಾಂದ್ರೆ ಗುಂಡಿ ಹಾರಿದಾಗಲೆಲ್ಲ ಕಟಕ್ ಅನ್ನುತ್ತೆ.

#11 ಟ್ರ್ಯಾಕ್‌ಡೇ_ತಿಮ್ಮ
ಒಂದು ಮಾತು ಒಪ್ಪಲ್ಲ ಗುರು. ಮೆತ್ತಗಿನ ಸ್ಪ್ರಿಂಗ್ ಯಾವಾಗಲೂ ಆರಾಮ ಅಲ್ಲ. ಬರೀ ಲೋವರಿಂಗ್ ಸ್ಪ್ರಿಂಗ್ ಹಾಕಿ 35 ಮಿ.ಮೀ. ಇಳಿಸಿದ ಗಾಡಿ ನೋಡಿ. ಸ್ಪ್ರಿಂಗ್ ಕಂಪನಿಯದಕ್ಕಿಂತ ಸ್ವಲ್ಪವೇ ಗಟ್ಟಿ, ಆದ್ರೆ ಪ್ರತಿ ಗುಂಡಿಗೂ ಬಂಪ್ ಸ್ಟಾಪ್ ಮೇಲೆ ಕೂರುತ್ತೆ. ಅದೇ ಎತ್ತರಕ್ಕೆ 3.5 ಕೆ.ಜಿ. ಸ್ಪ್ರಿಂಗ್ ಇರುವ ಒಳ್ಳೆ ಕಾಯ್ಲೋವರ್ ಹಾಕಿದ್ರೆ ಅದಕ್ಕಿಂತ ಮೆತ್ತಗೆ ಓಡುತ್ತೆ, ಯಾಕಂದ್ರೆ ಬಂಪ್ ಸ್ಟಾಪ್ ಮುಟ್ಟಲ್ಲ.

#12 ಗ್ಯಾರೇಜ್_ಗಣಿತ
ಇದು ಪೂರ್ತಿ ಸರಿ, ತಿಮ್ಮಣ್ಣ. ಬಂಪ್ ಸ್ಟಾಪ್ ಅಂದ್ರೆ ಎರಡನೇ ಸ್ಪ್ರಿಂಗ್. ಒತ್ತಿದಂತೆ ಅದರ ಗಟ್ಟಿತನ ಏರುತ್ತಾ ಹೋಗುತ್ತೆ, ಕೊನೆಗೆ ಮುಖ್ಯ ಸ್ಪ್ರಿಂಗಿನ ಹತ್ತಾರು ಪಟ್ಟು. ಆದ್ರೆ ಪ್ರಶ್ನೆ ಕೇಳಿದವರು ಗಾಡಿ ಇಳಿಸ್ತಿಲ್ಲ. ಎತ್ತರ ಬಿಟ್ಟುಕೊಡದವರಿಗೆ ಗಟ್ಟಿ ಸ್ಪ್ರಿಂಗ್ ಯಾಕೆ ಬೇಕು?

#13 ಟ್ರ್ಯಾಕ್‌ಡೇ_ತಿಮ್ಮ
ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಅಂದಿದ್ದಾರೆ ನೋಡಿ. ಹಿಂದೆ ಒಂದೊಂದು ಬದಿಗೆ 80 ಕೆ.ಜಿ. ಹೆಚ್ಚು ಬಿದ್ರೆ 2 ಕೆ.ಜಿ. ರೇಟಿಗೆ 40 ಮಿ.ಮೀ. ಕೂರುತ್ತೆ. 3 ಕೆ.ಜಿ. ಇದ್ರೆ 27 ಮಿ.ಮೀ. ಶಿರಾಡಿ ಇಳಿಯುವಾಗ ಆ 13 ಮಿ.ಮೀ. ವ್ಯತ್ಯಾಸ ದೊಡ್ಡದು.

#14 ಗ್ಯಾರೇಜ್_ಗಣಿತ
ಒಪ್ಪಿದೆ. ಹಿಂದೆ ಮಾತ್ರ ಸ್ವಲ್ಪ ಗಟ್ಟಿ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಉಬ್ಬಿಗೆ ಮೊದಲು ಮುಂದಿನ ಚಕ್ರ ಬಡಿಯುತ್ತೆ, ಆಮೇಲೆ ಹಿಂದಿನದು. 2.47 ಮೀಟರ್ ವೀಲ್‌ಬೇಸ್, 60 ಕಿ.ಮೀ. ವೇಗ ಅಂದ್ರೆ ನಡುವಿನ ಅಂತರ 0.15 ಸೆಕೆಂಡ್. ಹಿಂಭಾಗ ತುಸು ಬೇಗ ತೂಗಿದ್ರೆ ಮುಂಭಾಗದ ಜೊತೆ ಬೇಗ ಲಯಕ್ಕೆ ಸೇರುತ್ತೆ, ಗಾಡಿ ದೋಣಿ ಥರ ಹಿಂದೆ ಮುಂದೆ ತೊನೆಯೋದು ನಿಲ್ಲುತ್ತೆ. 1930ರ ದಶಕದಲ್ಲಿ ಜನರಲ್ ಮೋಟರ್ಸ್‌ನಲ್ಲಿದ್ದ ಮಾರಿಸ್ ಓಲಿ ಇದನ್ನು ಪ್ರಯೋಗ ಮಾಡಿ ತೋರಿಸಿದ್ರು. ಹಿಂದಿನ ಹರ್ಟ್ಜ್ ಮುಂದಿನದಕ್ಕಿಂತ 10ರಿಂದ 20 ಶೇಕಡ ಜಾಸ್ತಿ ಇಟ್ರೆ ಸಾಕು. ಮುಂದೆ 1.4, ಹಿಂದೆ 1.6.

#15 ಮಳೆಕಾಡು
ಹಿಂದೆ ಕಾಯ್ಲೋವರ್ ಅಂತಿದ್ದೀರಲ್ಲ, ಪೋಲೊದಲ್ಲಿ ಹಿಂದೆ ಟ್ವಿಸ್ಟ್ ಬೀಮ್ (ಎರಡೂ ಚಕ್ರ ಜೋಡಿಸೋ ಒಂದೇ ತೊಲೆ) ಅಲ್ವಾ? ಸ್ಪ್ರಿಂಗ್ ಬೇರೆ ಕಡೆ, ಶಾಕ್ ಬೇರೆ ಕಡೆ.

#16 ಪಾನಾ_ಪೆಟ್ಟಿಗೆ
ಸರಿಯಾಗಿ ಹೇಳಿದ್ರಿ. ಆ ಗಾಡಿಗೆ ಸೆಟ್ ಅಂತ ಮಾರೋದ್ರಲ್ಲಿ ಮುಂದಿನ ಎರಡು ಮಾತ್ರ ನಿಜವಾದ ಕಾಯ್ಲೋವರ್. ಹಿಂದೆ ಮರೆ (ತಿರುಪಿನ ಥ್ರೆಡ್) ಇರುವ ಕಾಲರ್ ಮೇಲೆ ಕೂರುವ ಬೇರೆ ಸ್ಪ್ರಿಂಗ್, ಪಕ್ಕದಲ್ಲಿ ಬೇರೆ ಶಾಕ್. ಹಿಂದಿನ ಶಾಕ್ ಗಿಡ್ಡ ಆಗಿದ್ರೆ ಗಾಡಿ ಪೂರ್ತಿ ಎತ್ತರಕ್ಕೆ ಇಟ್ಟಾಗ ಕೆಳಗಿನ ಓಟವೇ ಇರಲ್ಲ. ಕೊಳ್ಳೋ ಮುಂಚೆ ಸೆಟ್ಟಿನ ಕಾಗದದಲ್ಲಿ ಎಷ್ಟು ಮಿ.ಮೀ.ಯಿಂದ ಎಷ್ಟು ಮಿ.ಮೀ. ಇಳಿಯುತ್ತೆ ಅಂತ ಓದಿ. 30ರಿಂದ 50 ಅಂತಿದ್ರೆ ಅದು ಕನಿಷ್ಠ 30 ಇಳಿಸಿಯೇ ತೀರುತ್ತೆ. ಕಾಲರ್ ಅದಕ್ಕಿಂತ ಮೇಲೆ ತಂದು ಓಡಿಸೋದು ಶಾಕ್‌ಗೆ ಒಳ್ಳೇದಲ್ಲ.

ಸೆಟ್ಟು ಯೂರೋಪಿನ ಪೋಲೊಗೆ ಮಾಡಿದ್ದಾದ್ರೆ ಆ ಇಳಿಕೆ ಅಲ್ಲಿಯ ಎತ್ತರದಿಂದ ಲೆಕ್ಕ. ನಮ್ಮ ಗಾಡಿ ಮೊದಲೇ ಎತ್ತರ ಮಾಡಿ ಮಾರಿದ್ದು. ಕಾಗದದಲ್ಲಿ 30 ಅಂತಿದ್ರೂ ಇಲ್ಲಿ ಕಣ್ಣಿಗೆ ಅದಕ್ಕಿಂತ ಜಾಸ್ತಿ ಇಳಿದು ಕಾಣುತ್ತೆ.

#17 ಹೇಮಾವತಿ_ದಂಡೆ
ಇದು ಗೊತ್ತಿರಲಿಲ್ಲ, ಬಹಳ ಉಪಕಾರ ಆಯ್ತು. ಕ್ಲಿಕ್ ವಿಷಯ ಇನ್ನೂ ತಲೆಗೆ ಹೋಗ್ತಿಲ್ಲ. ಪೂರ್ತಿ ಮೆತ್ತಗೆ ಇಟ್ರೆ ಗುಂಡಿ ಹೊಡೆತ ಕಡಿಮೆ ಆಗಬೇಕಲ್ವಾ?

#18 ಗ್ಯಾರೇಜ್_ಗಣಿತ
ಆಗಲ್ಲ, ಅಥವಾ ಅಂದ್ಕೊಂಡಷ್ಟು ಆಗಲ್ಲ. ನಾಬ್ ಒಳಗೆ ಒಂದು ಸೂಜಿ ಇದೆ, ಅದು ಎಣ್ಣೆ ಹರಿಯೋ ಸಣ್ಣ ರಂಧ್ರವನ್ನು ಮುಚ್ಚುತ್ತೆ, ತೆರೆಯುತ್ತೆ. ಪಿಸ್ಟನ್ ನಿಧಾನವಾಗಿ ಚಲಿಸುವಾಗ ಎಣ್ಣೆ ಈ ರಂಧ್ರದಲ್ಲಿ ಹೋಗುತ್ತೆ. ತಿರುವಿನಲ್ಲಿ ವಾಲೋದು, ಬ್ರೇಕ್ ಹಿಡಿದಾಗ ಮೂತಿ ಬಾಗೋದು ಇವೆಲ್ಲ ಸೆಕೆಂಡಿಗೆ 0.05, 0.1 ಮೀಟರ್ ವೇಗ. ಗುಂಡಿಯ ಅಂಚಿಗೆ ಬಡಿದಾಗ ಪಿಸ್ಟನ್ ವೇಗ 1 ಮೀಟರ್ ದಾಟುತ್ತೆ. ಆಗ ಆ ರಂಧ್ರ ಸಾಲದು. ಪಿಸ್ಟನ್ ಮೇಲೆ ಒಂದರ ಮೇಲೊಂದು ಜೋಡಿಸಿರೋ ತೆಳು ಉಕ್ಕಿನ ಬಿಲ್ಲೆಗಳು, ಅಂದ್ರೆ ಶಿಮ್‌ಗಳು, ಬಾಗಿ ದಾರಿ ಬಿಡಬೇಕು. ಆ ಶಿಮ್ ಎಷ್ಟು ದಪ್ಪ, ಎಷ್ಟು ಸಂಖ್ಯೆ ಅನ್ನೋದು ಕಾರ್ಖಾನೆಯಲ್ಲೇ ತೀರ್ಮಾನ ಆಗಿರುತ್ತೆ. ನಾಬ್ ತಿರುವಿ ಅದನ್ನು ಬದಲಾಯಿಸೋಕೆ ಆಗಲ್ಲ.

ಆದ್ರಿಂದ ಶಿಮ್ ಗಟ್ಟಿ ಇರೋ ಶಾಕನ್ನು ಪೂರ್ತಿ ಮೆತ್ತಗೆ ಇಟ್ರೆ ಎರಡೂ ಕೆಡುತ್ತೆ: ತಿರುವಿನಲ್ಲಿ ಹಡಗಿನ ಹಾಗೆ ತೇಲುತ್ತೆ, ಗುಂಡಿಯಲ್ಲಿ ಮಾತ್ರ ಹಾಗೇ ಬಡಿಯುತ್ತೆ. ಒಳ್ಳೆ ಶಾಕ್ ಇದರ ಉಲ್ಟಾ: ನಿಧಾನಕ್ಕೆ ಬಿಗಿ, ವೇಗಕ್ಕೆ ಸಡಿಲ.

#19 ಕಡಲಕರೆ
ರಿಬೌಂಡ್, ಅಂದ್ರೆ ಕುಗ್ಗಿದ ಶಾಕ್ ವಾಪಸ್ ಚಾಚುವಾಗಿನ ಹಿಡಿತ, ಅದರ ಬಗ್ಗೆಯೂ ಹೇಳಿ ಮಾರಾಯ್ರೆ, ಅದೇ ಮುಖ್ಯ ಜಲ್ಲಿ ರಸ್ತೆಗೆ. ರಿಬೌಂಡ್ ಜಾಸ್ತಿ ಬಿಗಿ ಇಟ್ಟರೆ ಚಕ್ರ ಒಂದು ಉಬ್ಬಿಗೆ ಮೇಲೆ ಹೋದದ್ದು ಕೆಳಗೆ ಬರುವ ಮೊದಲೇ ಇನ್ನೊಂದು ಉಬ್ಬು ಬರ್ತದೆ. ಹೀಗೆ ನಾಲ್ಕೈದು ಆದರೆ ಗಾಡಿ ಮೆಲ್ಲ ಮೆಲ್ಲ ಕೆಳಗೆ ಕೂತು ಬಂಪ್ ಸ್ಟಾಪಿನ ಮೇಲೆ ಓಡ್ಲಿಕ್ಕೆ ಶುರು. ಮೊದಲ ಎರಡು ಗುಂಡಿ ಮೆತ್ತಗೆ, ಐದನೆಯದ್ದು ಬೆನ್ನಿಗೆ ಗುದ್ದಿದ ಹಾಗೆ ಆದರೆ ರಿಬೌಂಡ್ ಎರಡು ಕ್ಲಿಕ್ ಸಡಿಲ ಮಾಡಿ. ಉಬ್ಬು ದಾಟಿದ ಮೇಲೆ ಗಾಡಿ ಒಂದಕ್ಕಿಂತ ಹೆಚ್ಚು ಸಲ ಕುಣಿದರೆ ಒಂದು ಕ್ಲಿಕ್ ಬಿಗಿ.

ಕೆಡಬ್ಲ್ಯೂ ವಿ2 ರಿಬೌಂಡ್ ಮಾತ್ರ ಹೊಂದಿಸ್ತದೆ, ವಿ3 ಕುಗ್ಗುವಾಗಿನದ್ದು, ಚಾಚುವಾಗಿನದ್ದು ಎರಡನ್ನೂ ಬೇರೆ ಬೇರೆ. ವಿ1ರಲ್ಲಿ ಎತ್ತರ ಬಿಟ್ಟು ಹೊಂದಿಸ್ಲಿಕ್ಕೆ ಏನೂ ಇಲ್ಲ. ಬಿಲ್‌ಸ್ಟೈನ್ ಬಿ16, ಬಿಸಿ ಬಿಆರ್ ಒಂದೇ ನಾಬ್, ಎರಡೂ ಒಟ್ಟಿಗೆ ಬದಲಾಗ್ತದೆ.

#20 ಮಳೆಕಾಡು
ಮೋನೋಟ್ಯೂಬ್ (ಒಂದೇ ಕೊಳವೆಯ ಶಾಕ್) ಒಳ್ಳೇದು ಅಂತಾರಲ್ಲ, ಜಲ್ಲಿ ರಸ್ತೆಗೆ ನಿಜವಾ?

#21 ಪಾನಾ_ಪೆಟ್ಟಿಗೆ
ಶಾಕ್ ಬಿಸಿ ತಡೆಯೋಕೆ ಒಳ್ಳೇದು, ಕಲ್ಲಿನ ಹೊಡೆತಕ್ಕೆ ಅಲ್ಲ. ಮೋನೋಟ್ಯೂಬ್‌ನಲ್ಲಿ ಪಿಸ್ಟನ್ ಹೊರಗಿನ ಕೊಳವೆಗೇ ತಾಗಿ ಓಡುತ್ತೆ. ಗುಂಡು ಕಲ್ಲು ಸಿಡಿದು ಕೊಳವೆಗೆ ಸಣ್ಣ ತಗ್ಗು ಬಿದ್ರೂ ಪಿಸ್ಟನ್ ಅಲ್ಲಿ ಸಿಕ್ಕಿಕೊಳ್ಳುತ್ತೆ, ಶಾಕ್ ಎಸೆಯಬೇಕು. ಕೊಳವೆಯೊಳಗೆ ಕೊಳವೆ ಇರೋ ಟ್ವಿನ್ ಟ್ಯೂಬ್‌ನಲ್ಲಿ ಹೊರಗಿನದು ಬರೀ ಎಣ್ಣೆ ಡಬ್ಬಿ, ತಗ್ಗು ಬಿದ್ರೂ ಒಳಗಿನದು ಸರಿ ಇರುತ್ತೆ. ಆದ್ರೆ ಅದೇ ಟ್ವಿನ್ ಟ್ಯೂಬ್ ಜಲ್ಲಿ ಮೇಲೆ ಅರ್ಧ ಗಂಟೆ ಬಿಡದೆ ಕುಣಿದ್ರೆ ಎಣ್ಣೆ, ಗ್ಯಾಸ್ ಬೆರೆತು ನೊರೆ ಬರುತ್ತೆ, ಹಿಡಿತ ಸಡಿಲ ಆಗುತ್ತೆ. 9 ಕಿ.ಮೀ.ಗೆ ಆ ಭಯ ಇಲ್ಲ.

#22 ಘಾಟಿ_ಗೇರ್
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಇಷ್ಟೆಲ್ಲಾ ತಲೆನೋವಿಗೆ ಮೂಲ ನಮ್ಮ ಹಂಪುಗಳು. ಅದಕ್ಕೂ ಒಂದು ಅಳತೆ ಇರಬೇಕಲ್ವಾ?

#23 ಗ್ಯಾರೇಜ್_ಗಣಿತ
ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಅನ್ನೋ ಮಾರ್ಗಸೂಚಿ 1988ರಲ್ಲೇ ಬಂತು. 17 ಮೀಟರ್ ತ್ರಿಜ್ಯದ ದುಂಡನೆ ಬೆನ್ನು, 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 25 ಕಿ.ಮೀ. ವೇಗದಲ್ಲಿ ದಾಟಬೇಕು. ಅಂಥ ಹಂಪಿನ ಮೇಲೆ ಪೋಲೊದ ನಾಲ್ಕೂ ಚಕ್ರ ನಿಂತಾಗ ಹೊಟ್ಟೆಯ ಕೆಳಗೆ ಎದ್ದು ಬರೋದು ಬರೀ 45 ಮಿ.ಮೀ. ಯಾವ ಗಾಡಿಯೂ ತಾಗಲ್ಲ. ಊರ ಮುಂದೆ ರಾತ್ರೋರಾತ್ರಿ ಹಾಕೋ 15 ಸೆಂ.ಮೀ. ಎತ್ತರ, ಒಂದಡಿ ಅಗಲದ ಹಂಪು ಪೂರ್ತಿ 150 ಮಿ.ಮೀ. ತಿನ್ನುತ್ತೆ. ನಾಲ್ಕು ಜನ ಕೂತು ಹಿಂದೆ 40 ಮಿ.ಮೀ. ತಗ್ಗಿದ ಗಾಡಿಗೆ ಎಲ್ಲಿಯ ಜಾಗ? ನಿಯಮ ಇದ್ದೂ ಹೀಗೆ ಕಟ್ಟೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

#24 ಹುಬ್ಬಳ್ಳಿ_ಹ್ಯಾಚ್
ಖರೇ ಹೇಳಿದ್ರಿ. ಅಂಬುಲೆನ್ಸ್‌ನ್ಯಾಗ ಮಲಗಿದವರ ಗತಿ ನೆನಸ್ರಿ.

#25 ಮಳೆಕಾಡು
ಮತ್ತೆ ವಿಷಯಕ್ಕೆ. ಟೈರ್ ಬಗ್ಗೆ ಯಾರೂ ಹೇಳಲಿಲ್ಲ. 185/60 ಆರ್15ರಲ್ಲಿ ಗೋಡೆ 111 ಮಿ.ಮೀ. ಎತ್ತರ. ಚೆಂದಕ್ಕೆ 215/45 ಆರ್17 ಹಾಕಿದ್ರೆ 97 ಮಿ.ಮೀ., ಮೇಲೆ ಒಂದೊಂದು ಚಕ್ರಕ್ಕೂ ಎರಡು ಮೂರು ಕೆ.ಜಿ. ಜಾಸ್ತಿ ಭಾರ. ಆ ಭಾರ ಸ್ಪ್ರಿಂಗಿನ ಕೆಳಗೆ ಇರೋದು, ಯಾವ ಶಾಕ್ ಹಾಕಿದ್ರೂ ತಡೆಯೋದು ಕಷ್ಟ. ಇದ್ದ 15 ಇಂಚನ್ನು ಬಿಡಬೇಡಿ. ಗಾಳಿ ಕಂಪನಿಯವರು ಗಾಡಿಯಲ್ಲಿ ಅಂಟಿಸಿದ ಪಟ್ಟಿಯಲ್ಲಿ ಬರೆದಷ್ಟೇ, ತಣ್ಣಗಿದ್ದಾಗ ಹಿಡಿಸಿ. ಹೊರೆ ಇದ್ರೆ ಹಿಂದಕ್ಕೆ ಹೊರೆಯ ಅಂಕಿ.

#26 ಹೇಮಾವತಿ_ದಂಡೆ
ಟೈರ್ ಬದಲಾಯಿಸಲ್ಲ. ಈಗ ಒಂದು ನೇರ ಪ್ರಶ್ನೆ. ನನ್ನ ಜಾಗದಲ್ಲಿ ನೀವಿದ್ರೆ ಕಾಯ್ಲೋವರ್ ಹಾಕ್ತೀರಾ?

#27 ಗ್ಯಾರೇಜ್_ಗಣಿತ
ಹಾಕಲ್ಲ. ಎತ್ತರ ಬದಲಾಯಿಸುವ ಅಗತ್ಯ ಇಲ್ಲ ಅಂದ ಮೇಲೆ ಕಾಯ್ಲೋವರ್‌ನ ಮುಖ್ಯ ಗುಣಕ್ಕೇ ಕೆಲಸ ಇಲ್ಲ. ಕಂಪನಿ ಸ್ಪ್ರಿಂಗ್ ಇಟ್ಟುಕೊಂಡು ನಾಲ್ಕು ಒಳ್ಳೆ ಶಾಕ್, ಹೊಸ ಮೌಂಟ್, ಹೊಸ ಬಂಪ್ ಸ್ಟಾಪ್, ಹೊಸ ಬುಷ್. ಬಿಲ್‌ಸ್ಟೈನ್ ಬಿ4 ಕಂಪನಿ ಗುಣಕ್ಕೆ ಹತ್ತಿರ. ಬಿ6 ಅದಕ್ಕಿಂತ ಬಿಗಿ, ಘಾಟಿಗೆ ಚೆನ್ನಾಗಿರುತ್ತೆ, ಜಲ್ಲಿಯಲ್ಲಿ ಸ್ವಲ್ಪ ಗೊತ್ತಾಗುತ್ತೆ. ಬಿ8 ಇಳಿಸಿದ ಗಾಡಿಗೆ ಮಾಡಿದ ಗಿಡ್ಡ ಶಾಕ್, ಬೇಡವೇ ಬೇಡ. ಕೋನಿ ಸ್ಪೆಷಲ್ ಆಕ್ಟಿವ್ ಸಿಕ್ಕಿದ್ರೆ ಕಣ್ಣು ಮುಚ್ಚಿ ತಗೊಳ್ಳಿ. ಅದರೊಳಗೆ ಬೇಗ ಬೇಗ ಬರೋ ಅದುರಾಟಕ್ಕೆ ಎಣ್ಣೆಗೆ ಇನ್ನೊಂದು ದಾರಿ ಬಿಡೋ ವಾಲ್ವ್ ಇದೆ, ನಿಮ್ಮ ರಸ್ತೆಗೆ ಹೇಳಿ ಮಾಡಿಸಿದ್ದು. ನಿಮ್ಮ ಗಾಡಿಯ ಪಾರ್ಟ್ ನಂಬರ್ ಹೊಂದುತ್ತಾ ಅಂತ ಮೊದಲು ನೋಡಿ.

#28 ಟ್ರ್ಯಾಕ್‌ಡೇ_ತಿಮ್ಮ
ಹಾಕೋದೇ ಆದ್ರೆ ಅಂತ ನನ್ನ ಮಾತೂ ಬರೆದಿಡಿ. ಉದ್ದ ಬದಲಾಯಿಸುವ ಜಾತಿ, ಮುಂದೆ 3 ಕೆ.ಜಿ. ಮೀರಬಾರದು, ಮೇಲಿನ ಮೌಂಟ್ ರಬ್ಬರಿನದೇ ಇರಬೇಕು. ಪಿಲ್ಲೋ ಬಾಲ್ ಅಂತ ಬರೋ ಲೋಹದ ಮೌಂಟ್ ಟ್ರ್ಯಾಕಿಗೆ ಸರಿ, ನಮ್ಮ ಮಳೆ, ಮಣ್ಣಿಗೆ ಒಂದೆರಡು ವರ್ಷದಲ್ಲಿ ಕಟಕಟ ಶುರು ಮಾಡುತ್ತೆ. ಇಲ್ಲೇ ಬಿಚ್ಚಿ ರಿಪೇರಿ ಮಾಡೋ ಸೆಟ್ಟೇ ತಗೊಳ್ಳಿ. ಸೀಲ್ ಹೋದ್ರೆ ಇಡೀ ಶಾಕ್ ಬಿಸಾಡೋ ಸೆಟ್ ಎಷ್ಟು ಅಗ್ಗ ಆದ್ರೂ ದುಬಾರಿಯೇ.

#29 ಕಡಲಕರೆ
ಮತ್ತೆ ಒಂದು, ಕಡಲ ಬದಿಗೆ ಬರುವವರು ನೆನಪಿಡಿ. ಉಪ್ಪು ಗಾಳಿಗೆ ಕಾಲರ್ ಮರೆ ಒಂದು ಮಳೆಗಾಲದಲ್ಲಿ ಹಿಡಿದುಕೊಳ್ತದೆ. ಹಾಕುವ ಮೊದಲು ಮರೆಗೆ ಆಂಟಿ ಸೀಜ್ ಹಚ್ಚಿ. ಮಳೆ ಮುಗಿದ ಮೇಲೆ ನೀರು ಹೊಡೆದು, ಹಲ್ಲುಜ್ಜುವ ಬ್ರಷ್‌ನಲ್ಲಿ ಮಣ್ಣು ತೆಗೆದು, ಆಮೇಲೆ ತಿರುವಿ. ಮಣ್ಣು ಇರುವಾಗಲೇ ಸಿ ಪಾನಾ ಹಾಕಿ ಎಳೆದರೆ ಅಲ್ಯೂಮಿನಿಯಂ ಕಾಲರಿನ ಮರೆ ಹೋಗ್ತದೆ, ಮತ್ತೆ ಕತ್ತರಿಸಿಯೇ ತೆಗೆಯಬೇಕು.

#30 ಘಾಟಿ_ಗೇರ್
ಕಾನೂನು? ಆರ್‌ಟಿಓ ಏನಂತಾರೆ?

#31 ಮಳೆಕಾಡು
ಮೋಟಾರು ವಾಹನ ಕಾಯ್ದೆ 1988ರ ಕಲಂ 52 ನೋಡಿ. ಆರ್‌ಸಿಯಲ್ಲಿರೋ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ಹಳೇ ಶಾಕ್ ತೆಗೆದು ಅದೇ ಅಳತೆಯ ಹೊಸ ಶಾಕ್ ಹಾಕೋದು ದುರಸ್ತಿ. ಕಾಯ್ಲೋವರ್ ಹಾಕಿದ್ರೆ ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿಡಿ, ಕ್ಲೇಮ್ ಹೊತ್ತಿಗೆ ಜಗಳ ಬೇಡ.

#32 ಹೇಮಾವತಿ_ದಂಡೆ
ತೀರ್ಮಾನ ಆಯ್ತು: ಕಂಪನಿ ಸ್ಪ್ರಿಂಗ್, ಹೊಸ ಶಾಕ್. ಫಿಟ್ಟಿಂಗ್ ಮಾಡಿಸುವಾಗ ಏನು ನೋಡ್ಬೇಕು, ಪಾನಾ ಅಣ್ಣ?

#33 ಪಾನಾ_ಪೆಟ್ಟಿಗೆ
ಬಿಚ್ಚೋ ಮೊದಲು ಗಾಡಿ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರ್ ಸವೆತ, ಗಾಳಿ ಸೇರಿ ತಪ್ಪು ಬರುತ್ತೆ.

ಮುಂದಿನ ಸ್ಟ್ರಟ್ ಬುಡ ಪೋಲೊದಲ್ಲಿ ನಕಲ್‌ನ (ಚಕ್ರದ ಹಬ್ ಹಿಡಿಯೋ ಲೋಹದ ಭಾಗ) ಸೀಳಿನೊಳಗೆ ಇಳಿದು ಕೂತಿರುತ್ತೆ. ಸ್ವಿಫ್ಟ್ ಥರ ಎರಡು ಬೋಲ್ಟ್ ಬ್ರಾಕೆಟ್ ಅಲ್ಲ. ಸೀಳು ಅಗಲಿಸೋ ಬಿಟ್ ಹಾಕಿ 90 ಡಿಗ್ರಿ ತಿರುವಿದ್ರೆ ಸ್ಟ್ರಟ್ ಜಾರುತ್ತೆ. ಉಳಿ ಹೊಡೆದು ಅಗಲಿಸೋಕೆ ಬಿಡಬೇಡಿ, ನಕಲ್ ಬಿರುಕು ಬಿಡುತ್ತೆ. ಎಬಿಎಸ್ ವೈರ್, ಬ್ರೇಕ್ ಹೋಸ್ ಮೊದಲೇ ಬಿಡಿಸಿ, ನಕಲ್ ಹೋಸಿನಲ್ಲಿ ನೇತಾಡಬಾರದು.

ಶಾಕ್ ರಾಡಿನ ಮೇಲಿನ ನಟ್ಟಿಗೆ ಗಾಳಿ ಗನ್ ಹಾಕಬಾರದು. ರಾಡ್ ಗಿರಗಿರ ತಿರುಗಿ ಒಳಗಿನ ಸೀಲ್ ಕೆಡುತ್ತೆ, ಹೊಸ ಶಾಕ್ ಆರು ತಿಂಗಳಲ್ಲಿ ಸೋರುತ್ತೆ. ಅಲೆನ್ ಕೀಲಿಯಲ್ಲಿ ರಾಡ್ ಹಿಡಿದು ಕೈಯಲ್ಲೇ ಬಿಗಿ ಮಾಡಬೇಕು. ಹೊಳೆಯೋ ರಾಡನ್ನು ಇಕ್ಕಳದಲ್ಲಿ ಹಿಡಿದ್ರೆ ಅದೇ ಕಥೆ, ಕೂದಲೆಳೆಯಷ್ಟು ಗೀರು ಸಾಕು.

ಬಂಪ್ ಸ್ಟಾಪ್ ಅರ್ಧ ಕತ್ತರಿಸಿದ್ರೆ ಓಟ ಸಿಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅಲ್ಲೇ ನಿಲ್ಲಿಸಿ. ಕತ್ತರಿಸಿದ್ರೆ ದೊಡ್ಡ ಗುಂಡಿಯಲ್ಲಿ ಪಿಸ್ಟನ್ ತಳಕ್ಕೆ ಬಡಿದು ವಾಲ್ವ್ ಒಡೆಯುತ್ತೆ.

ಇನ್ನು ಎಲ್ಲರೂ ಮರೆಯೋದು. ರಬ್ಬರ್ ಬುಷ್ ಇರೋ ಬೋಲ್ಟ್‌ಗಳನ್ನು, ಲೋವರ್ ಆರ್ಮ್, ಹಿಂದಿನ ಶಾಕ್‌ನ ಕೆಳಗಿನ ಬೋಲ್ಟ್, ಬೀಮ್ ಬುಷ್, ಚಕ್ರ ನೇತಾಡುವಾಗ ಪೂರ್ತಿ ಬಿಗಿ ಮಾಡಬಾರದು. ಹಬ್ ಕೆಳಗೆ ಜಾಕ್ ಕೊಟ್ಟು, ಮೊದಲು ಬರೆದಿಟ್ಟ ಅಳತೆ ಬರುವವರೆಗೆ ಎತ್ತಿ, ಆಮೇಲೆ ಟಾರ್ಕ್ ರೆಂಚ್. ನೇತಾಡುವಾಗ ಬಿಗಿ ಮಾಡಿದ ಬುಷ್ ಗಾಡಿ ಇಳಿಸಿದ ಕೂಡಲೇ ತಿರುಚಿಕೊಂಡು ನಿಲ್ಲುತ್ತೆ, ಸ್ಪ್ರಿಂಗ್ ಥರ ಒತ್ತುತ್ತಾ ಇರುತ್ತೆ, ಬೇಗ ಸೀಳುತ್ತೆ. ಹೊಸ ಶಾಕ್ ಗಟ್ಟಿ ಅಂತ ವಾಪಸ್ ಬರೋ ಗಾಡಿಗಳಲ್ಲಿ ಇದೊಂದೇ ತಪ್ಪು ಇರೋದು ಬಹಳ. ಬೋಲ್ಟ್ ಸಡಿಲಿಸಿ ಮತ್ತೆ ಕೂರಿಸಿದ್ರೆ ಸರಿ ಹೋಗುತ್ತೆ. ಫೋಕ್ಸ್‌ವ್ಯಾಗನ್ ಕೈಪಿಡಿಯಲ್ಲಿ ಹೊಸದೇ ಹಾಕಿ ಅಂದಿರೋ ಬೋಲ್ಟ್, ನಟ್ಟು ಹಳೇದು ಹಾಕಿಸಬೇಡಿ.

#34 ಗ್ಯಾರೇಜ್_ಗಣಿತ
ಒಂದು ಸೇರಿಸ್ತೀನಿ. ಹಿಂದಿನ ಶಾಕ್‌ನ ಧೂಳಿನ ಚೀಲ ಮೇಲೆ ಸರಿಸಿ, ರಾಡಿಗೆ ತೆಳು ಕೇಬಲ್ ಟೈ ಬಿಗಿಯಾಗದ ಹಾಗೆ ಕಟ್ಟಿ, ಕೆಳಗೆ ಸೀಲಿಗೆ ತಾಗಿಸಿ ಬಿಡಿ. ಪೂರ್ತಿ ಹೊರೆ ಹಾಕಿ ತೋಟದ 9 ಕಿ.ಮೀ. ಓಡಿಸಿ ನೋಡಿ. ಟೈ ಎಲ್ಲಿಗೆ ತಳ್ಳಿಸಿಕೊಂಡಿದೆಯೋ ಅಲ್ಲಿಯವರೆಗೆ ಶಾಕ್ ಕುಗ್ಗಿದೆ. ಬಂಪ್ ಸ್ಟಾಪ್ ಒಳಗೆ ಹೊಕ್ಕು ನಜ್ಜಾಗಿದ್ರೆ ಹಿಂದಿನ ಸ್ಪ್ರಿಂಗ್ ಸಾಲದು, ಹೊರೆಗೆ ತಕ್ಕ ತುಸು ಗಟ್ಟಿ ಸ್ಪ್ರಿಂಗ್ ಹುಡುಕಿ. 15, 20 ಮಿ.ಮೀ. ಉಳಿದಿದ್ರೆ ಕೈ ಹಚ್ಚಬೇಡಿ. ನೋಡಿದ ಮೇಲೆ ಟೈ ಕತ್ತರಿಸಿ ತೆಗೀರಿ.

#35 ಹೇಮಾವತಿ_ದಂಡೆ
ಬರೆದಿಟ್ಕೊಂಡೆ. ಅಲೈನ್‌ಮೆಂಟ್ ಅವತ್ತೇ ಮಾಡಿಸಲಾ?

#36 ಪಾನಾ_ಪೆಟ್ಟಿಗೆ
ಅವತ್ತು ಟೋ (ಚಕ್ರಗಳು ಮುಂದೆ ಒಳಗೋ ಹೊರಗೋ ತಿರುಗಿರೋ ಅಳತೆ) ಮಾತ್ರ ನೋಡಿಸಿ, ಟೈರ್ ಉಳಿಯಲಿ. 500 ಕಿ.ಮೀ. ಓಡಿ ಮೌಂಟ್, ಬುಷ್ ಕೂತ ಮೇಲೆ ಎಲ್ಲಾ ಬೋಲ್ಟ್ ಟಾರ್ಕ್ ಇನ್ನೊಮ್ಮೆ ನೋಡಿ, ಪೂರ್ತಿ ಅಲೈನ್‌ಮೆಂಟ್ ಆಮೇಲೆ. ಮುಂದಿನ ಅಥವಾ ಹಿಂದಿನ ಎತ್ತರ ಬದಲಾಗಿದ್ರೆ ಹೆಡ್‌ಲೈಟ್ ಮಟ್ಟವನ್ನೂ ಗೋಡೆ ಮುಂದೆ ನಿಲ್ಲಿಸಿ ಸರಿ ಮಾಡಿಸಿ, ರಾತ್ರಿ ಘಾಟಿಯಲ್ಲಿ ಎದುರಿನವರ ಕಣ್ಣಿಗೆ ಹೊಡೆಯಬಾರದು.